ಥ್ಯಾಕರೆ ಸಾಹೇಬನ ಚಮಚ

ಮನೋಳಿ, ಸವದತ್ತಿ, ಬೈಲಹೊಂಗಲದ ಕಡೆ ಹಳೇ ಮನೆ ಬಿಚ್ಚುವಾಗ ಒಂದು ಇಂಗ್ಲಿಷ್ ಚಮಚ ಸಿಕ್ಕರೆ ಸಾಕು, ಅದು ಕಿತ್ತೂರಿನದಾಗಿಬಿಡುತ್ತದೆ. ‘ಥ್ಯಾಕರೆ ಸಾಹೇಬ ಉಣ್ಣತಿದ್ದ ಚಮಚಾರೀ ಇದು. ಹಿಂದಿನ ಮುದ್ರಿ ನೋಡ್ರಿ, ರಾಣಿ ಮಾರಿ ಐತಿ!’

ಧಾರವಾಡದ ಕಲೆಕ್ಟರ್ ಥ್ಯಾಕರೆ ಕಿತ್ತೂರಿನ ಮುಂದೆ ಕಾಳಗದಲ್ಲಿ ಸತ್ತದ್ದು 1824ರ ಅಕ್ಟೋಬರ್ 23ರಂದು. ಆಗ ಇಂಗ್ಲೆಂಡಿನ ಗಾದಿಯ ಮೇಲೆ ಕೂತಿದ್ದವನು ನಾಲ್ಕನೇ ಜಾರ್ಜ್. ವಿಕ್ಟೋರಿಯಾಗೆ ಇನ್ನೂ ಐದು ವರ್ಷ. ಪಟ್ಟಕ್ಕೆ ಬಂದದ್ದು 1837ಕ್ಕೆ. ಐದು ವರ್ಷದ ಹುಡುಗಿಯ ಮುಖವನ್ನು ಚಮಚದ ಮೇಲೆ ಯಾವ ಅಕ್ಕಸಾಲಿ ಒತ್ತಿದನೋ!

ಅಸಲಿಗೆ ಆ ಮುಖ ಬೆಳ್ಳಿಗೆ ಸುಂಕ ಕಟ್ಟಿದ್ದರ ಗುರುತು. 1784ರಿಂದ 1890ರವರೆಗೆ ಬ್ರಿಟನ್ನಿನಲ್ಲಿ ಒತ್ತುತ್ತಿದ್ದರು. ಪಕ್ಕದಲ್ಲಿ ನಡೆಯುವ ಸಿಂಹವಿದ್ದರೆ ಸಾವಿರಕ್ಕೆ 925 ಪಾಲು ಬೆಳ್ಳಿ. ಚಿರತೆಯ ತಲೆ ಲಂಡನ್ನಿನದು, ಲಂಗರು ಬರ್ಮಿಂಗ್‌ಹ್ಯಾಮಿನದು. ವರ್ಷಕ್ಕೊಂದು ಅಕ್ಷರ, ಮಾಡಿದವನ ಹೆಸರಿನ ಅಕ್ಷರಗಳು ಬೇರೆ.

ಆದರೆ ತಿಜೋರಿಯಿಂದ ಹೊರಬರುವ ಚಮಚಗಳಲ್ಲಿ ಹೆಚ್ಚಿನವು ಇಂಥವಲ್ಲ. ಹಿಡಿಯ ಬೆನ್ನಿಗೆ ಸಾಲಾಗಿ ನಾಲ್ಕು ಪುಟ್ಟ ಗುರಾಣಿ, ಒಳಗೆ ಬಳುಕುವ ಅಕ್ಷರ. ಕಿಲುಬು ಒರೆಸಿ ಭೂತಗನ್ನಡಿ ಹಿಡಿದರೆ ಇ, ಪಿ, ಎನ್, ಎಸ್. ಎಂದರೆ ಜರ್ಮನ್ ಸಿಲ್ವರ್ ಮೇಲೆ ವಿದ್ಯುತ್ತಿನಿಂದ ಬೆಳ್ಳಿ ನೀರು ಹಾಕಿದ್ದು. ಜರ್ಮನ್ ಸಿಲ್ವರಿನಲ್ಲಿರುವುದು ತಾಮ್ರ, ಸತು, ನಿಕಲ್. ಬೆಳ್ಳಿ ಗುಂಜಿಯಷ್ಟೂ ಇಲ್ಲ. ಈ ಲೇಪದ ವಿದ್ಯೆಗೆ ಬರ್ಮಿಂಗ್‌ಹ್ಯಾಮಿನ ಎಲ್ಕಿಂಗ್ಟನ್ನರು ಪೇಟೆಂಟ್ ಪಡೆದದ್ದೇ 1840ರಲ್ಲಿ. ಮುದ್ರೆ ಓದಲು ಬಾರದಿದ್ದರೆ ಚಮಚವನ್ನು ಬೋರಲು ಹಾಕಿ ನೋಡಿ: ಮೇಜಿಗೆ ತಾಗುವ ಉಬ್ಬು ಸವೆದು ಒಳಗಿನ ಹಳದಿ ಛಾಯೆ ಇಣುಕುತ್ತಿರುತ್ತದೆ.

ಅಯಸ್ಕಾಂತಕ್ಕೆ ಅಂಟಲಿಲ್ಲವಾದ್ದರಿಂದ ಬೆಳ್ಳಿಯೇ ಎನ್ನುವವರಿದ್ದಾರೆ. ಹಿತ್ತಾಳೆ ಅಂಟುತ್ತದೆಯೇ? ಒರೆಗಲ್ಲನ್ನು ನಂಬುವವರೂ ಮೊದಲು ಅರದಿಂದ ಒಂದಿಷ್ಟು ತಿಕ್ಕಿಸಬೇಕು. ಇಲ್ಲದಿದ್ದರೆ ಕಲ್ಲಿನ ಮೇಲೆ ಬೀಳುವುದು ಬೆಳ್ಳಿ ನೀರಿನ ಗೆರೆ.

ಇದಕ್ಕಿಂತ ಸಿಟ್ಟು ಬರುವುದು, ಮುದ್ರೆ ಇಲ್ಲವೆಂದು ಅಜ್ಜಿಯ ಉದ್ಧರಣೆಯನ್ನೋ ಲಿಂಗದ ಕರಡಿಗೆಯನ್ನೋ ಸಿಕ್ಕ ಬೆಲೆಗೆ ಮೋಡಿಗೆ ಹಾಕುವುದನ್ನು ನೋಡಿದಾಗ. ನಮ್ಮ ಪತ್ತಾರರು ಮುದ್ರೆ ಒತ್ತುವ ರೂಢಿಯವರಲ್ಲ. ಮನೆಯವರು ರಾಣಿ ಛಾಪಿನ ರೂಪಾಯಿ ಎಣಿಸಿ ಕೊಟ್ಟು, ಮುಂದೆ ಕೂತು ಕರಗಿಸಿಕೊಳ್ಳುತ್ತಿದ್ದರು. ಒಂದು ತೊಲೆ ತೂಗುತ್ತಿದ್ದ ಆ ರೂಪಾಯಿಯಲ್ಲಿ ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ. ನಮ್ಮ ಸರ್ಕಾರ ಬೆಳ್ಳಿಗೆ ಹಾಲ್‌ಮಾರ್ಕ್ ಶುರುಮಾಡಿದ್ದೇ 2005ರಲ್ಲಿ. ಅಜ್ಜಿ ಎಲ್ಲಿಂದ ತರಬೇಕಿತ್ತು?

ಮುದ್ರೆ ಕಂಡರೆ ಸಾಕು ಬೆಲೆಯುಂಟು ಎಂಬ ಇಂಥ ನಂಬಿಕೆಯೇ ಮುಂದೆ ಅಕ್ಕಿ ಕಾಳನ್ನು ಸೆಳೆಯುತ್ತದೆಂದು ನಂಬಿಸಿ ಮಾರುವ ರೈಸ್ ಪುಲ್ಲರ್ ತಂಬಿಗೆಗೂ, ರಾಮ ಸೀತೆಯರಿರುವ ‘1818ರ ಕಂಪನಿ ನಾಣ್ಯ’ಕ್ಕೂ ಗಿರಾಕಿ ಒದಗಿಸುತ್ತದೆ. ಈಸ್ಟ್ ಇಂಡಿಯಾ ಕಂಪನಿ ಅಂಥ ನಾಣ್ಯ ಟಂಕಿಸಿಯೇ ಇಲ್ಲ. ‘ಮುಂಬೈಯಾಗ ಕೋಟಿಗೆ ತಗೋತಾರ್ರೀ’ ಎನ್ನುತ್ತಾ ಬರುವವರಿಗೆ ನನ್ನದೊಂದೇ ಪ್ರಶ್ನೆ: ಹಾಗಾದರೆ ಪರೀಕ್ಷೆಯ ಖರ್ಚೆಂದು ಮುಂಗಡ ನಿಮ್ಮಿಂದ ಯಾಕೆ ಕೇಳಿದರಪ್ಪಾ?