ಬಹುಮಾನಕ್ಕೆ ಮೊದಲೇ ತೆರಿಗೆ ಕೇಳಿದರೆ ಅದು ವಂಚನೆ

ಆನ್‌ಲೈನ್ ಆಟದಲ್ಲಿ ತಾವು ಗೆದ್ದಿದ್ದೀರಿ, ತೆರಿಗೆ ಕಟ್ಟಿದರೆ ಹಣ ಖಾತೆಗೆ ಜಮೆಯಾಗುತ್ತದೆ ಎಂಬ ಸಂದೇಶಗಳು ಮೊಬೈಲುಗಳಿಗೆ ಬರುತ್ತಿರುತ್ತವೆ. ಕಾನೂನಿನ ವಿವರ ಕನ್ನಡದಲ್ಲಿ ಸುಲಭವಾಗಿ ದೊರೆಯದ ಗಡಿನಾಡಿನ ಮನೆಗಳಲ್ಲಿ ಇಂತಹ ಮಾತನ್ನು ನಂಬುವ ಅಪಾಯ ಹೆಚ್ಚು. ಆದುದರಿಂದ ಪೋಷಕರು ತಿಳಿದಿರಬೇಕಾದ ನಿಯಮಗಳನ್ನು ಇಲ್ಲಿ ವಿವರಿಸುತ್ತಿದ್ದೇವೆ.

ಆನ್‌ಲೈನ್ ಆಟದ ನಿವ್ವಳ ಗೆಲುವಿನ ಮೇಲೆ ಶೇ. 30ರ ಆದಾಯ ತೆರಿಗೆಯಿದೆ. ಆ ತೆರಿಗೆಯ ಮೇಲೆ ಶೇ. 4ರ ಸೆಸ್ ಪ್ರತ್ಯೇಕ. 2023ರ ಏಪ್ರಿಲ್ 1ರಿಂದ ಆಟ ನಡೆಸುವ ಸಂಸ್ಥೆಯೇ ಈ ತೆರಿಗೆಯನ್ನು ಮೂಲದಲ್ಲೇ ಕಡಿತಗೊಳಿಸಬೇಕು. ಉದಾಹರಣೆಗೆ, 10,000 ರೂಪಾಯಿ ತೊಡಗಿಸಿದವರ ಖಾತೆಯಿಂದ 25,000 ರೂಪಾಯಿ ಹಿಂಪಡೆದರೆ ನಿವ್ವಳ ಗೆಲುವು 15,000 ರೂಪಾಯಿ. ಕಡಿತವಾಗುವುದು 4,500 ರೂಪಾಯಿ. ಗೆದ್ದವರು ಮೊದಲು ಯಾರ ಖಾತೆಗೂ ಹಣ ಕಳುಹಿಸಬೇಕಾಗಿಲ್ಲ.

ಕಾಸರಗೋಡಿನವರಿಗೆ ಪರಿಚಿತವಾದ ಕೇರಳ ಲಾಟರಿಯಲ್ಲೂ 10,000 ರೂಪಾಯಿ ಮೀರಿದ ಬಹುಮಾನದಿಂದ ತೆರಿಗೆ ಮುರಿದುಕೊಂಡೇ ಉಳಿದುದನ್ನು ಕೊಡುತ್ತಾರೆ. ಅದು ಕಾಗದದ ಟಿಕೆಟು ಮಾತ್ರ; ಆನ್‌ಲೈನ್ ಮಾರಾಟಕ್ಕೆ ಅನುಮತಿಯಿಲ್ಲ.

ತೆರಿಗೆಯಿದೆ ಎಂದ ಮಾತ್ರಕ್ಕೆ ಆಟ ಕಾನೂನುಬದ್ಧವಾಗುವುದಿಲ್ಲ. 2025ರ ಆಗಸ್ಟ್ 22ರಂದು ರಾಷ್ಟ್ರಪತಿಯವರ ಅಂಕಿತ ಪಡೆದ ಕೇಂದ್ರ ಕಾಯ್ದೆಯು ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನೂ ಅವುಗಳ ಜಾಹೀರಾತನ್ನೂ ನಿಷೇಧಿಸುತ್ತದೆ. ಆಟ ನಡೆಸುವವರಿಗೆ ಮೂರು ವರ್ಷಗಳವರೆಗೆ ಸೆರೆವಾಸ, ಒಂದು ಕೋಟಿ ರೂಪಾಯಿಯವರೆಗೆ ದಂಡವಿದೆ. ಆಡಿದವರನ್ನು ಈ ಕಾಯ್ದೆ ಶಿಕ್ಷಿಸುವುದಿಲ್ಲ.

ಹಣ ಕಳೆದುಕೊಂಡ ಮಗು ಹೆದರಿ ಮುಚ್ಚಿಟ್ಟರೆ ವಂಚಕರಿಗೇ ಲಾಭ. ಗದರಿಸದೆ ಕೇಳಿ, ಪಾವತಿಯ ವಿವರಗಳೊಂದಿಗೆ ಕೂಡಲೇ 1930 ಸಹಾಯವಾಣಿಗೆ ದೂರು ನೀಡಬೇಕೆಂದು ಪೋಷಕರಲ್ಲಿ ವಿನಂತಿಸುತ್ತೇವೆ.