ಚೆಂಡು ಬಿದ್ದರೂ ಹೊಡೆತ ತಪ್ಪಿರಬಹುದು

ಪೂಲ್ ಆಟದ ಕೆಟ್ಟ ಅಭ್ಯಾಸಗಳು ಬೇರೂರುವುದು ಚೆಂಡು ಬಿದ್ದಾಗ. ಹತ್ತಿರದ ಚೆಂಡನ್ನು ಹೇಗೆ ಹೊಡೆದರೂ ಪಾಕೆಟ್ ಸೇರುತ್ತದೆ. ಕೈ ಅದನ್ನೇ ಸರಿಯೆಂದು ಕಲಿತುಬಿಡುತ್ತದೆ. ಸಿರುಗುಪ್ಪ, ಕುರುಗೋಡು ಕಡೆಯಿಂದ ಬಳ್ಳಾರಿಗೆ ಓದಲು ಬಂದು, ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಆಡುವ ಹುಡುಗ ಹುಡುಗಿಯರು ಇದರ ಹಿಂದಿನ ಲೆಕ್ಕವನ್ನು ತಿಳಿದರೆ ಒಳ್ಳೆಯದು.

ಪೂಲ್ ಚೆಂಡಿನ ವ್ಯಾಸ ಸುಮಾರು 57 ಮಿ.ಮೀ. ಬಿಳಿ ಚೆಂಡು, ಬಣ್ಣದ ಚೆಂಡು, ಮೂಲೆಯ ಪಾಕೆಟ್ ಮೂರೂ ಒಂದೇ ನೇರಕ್ಕಿವೆ. ಬಣ್ಣದ ಚೆಂಡಿನಿಂದ ಪಾಕೆಟ್‌ಗೆ ಒಂದು ಮೀಟರ್. ಬಿಳಿ ಚೆಂಡು ಕಾಲು ಡಿಗ್ರಿ ಓರೆಯಾಗಿ ಹೊರಟಿತು ಎನ್ನಿ. ಎರಡು ಚೆಂಡುಗಳ ನಡುವೆ 20 ಸೆಂ.ಮೀ. ಅಂತರವಿದ್ದರೆ, ಬಣ್ಣದ ಚೆಂಡು ಪಾಕೆಟ್ ಹತ್ತಿರ ಒಂದು ಸೆಂ.ಮೀ.ನಷ್ಟು ಸರಿದರೂ ಒಳಗೆ ಬೀಳುತ್ತದೆ. ಅಂತರ ಒಂದು ಮೀಟರ್ ಆದರೆ ಬಿಳಿ ಚೆಂಡು ಸರಿಯುವುದು ನಾಲ್ಕೇ ಮಿ.ಮೀ. ಆದರೆ ಗುಂಡು ಮೈಗೆ ಗುಂಡು ಮೈ ತಾಗುವಾಗ ಆ ಕಾಲು ಡಿಗ್ರಿ ನಾಲ್ಕು ಡಿಗ್ರಿಯಾಗುತ್ತದೆ. ಬಣ್ಣದ ಚೆಂಡು ಪಾಕೆಟ್‌ನ ನಡುವಿನಿಂದ ಏಳು ಸೆಂ.ಮೀ. ಆಚೆ ಹೋಗಿ ಕುಶನ್‌ಗೆ ಬಡಿಯುತ್ತದೆ. ಎರಡೂ ಸಲ ತಪ್ಪು ಒಂದೇ.

ಹಾಗಾಗಿ ಪಾಕೆಟ್ ನೋಡಿ ನಿಮ್ಮ ಹೊಡೆತವನ್ನು ಅಳೆಯಬೇಡಿ. ಮೇಜಿನ ಮೇಲೆ ಬಿಳಿ ಚೆಂಡೊಂದನ್ನೇ ಇಟ್ಟು, ನಟ್ಟನಡುವಿನ ಗೆರೆಯಲ್ಲಿ ಎದುರಿನ ಕುಶನ್‌ಗೆ ಹೊಡೆಯಿರಿ, ಕ್ಯೂ ಅಲ್ಲಾಡಿಸದೆ ಕಾಯಿರಿ. ಚೆಂಡು ತಿರುಗಿ ಬಂದು ಕ್ಯೂ ತುದಿಗೇ ತಾಗಬೇಕು. ಎಡಕ್ಕೋ ಬಲಕ್ಕೋ ಸರಿದರೆ, ಗುರಿ ಓರೆಯಾಗಿದೆ ಅಥವಾ ನಿಮಗೆ ಅರಿವಿಲ್ಲದೆಯೇ ಚೆಂಡಿಗೆ ಪಕ್ಕದ ಸ್ಪಿನ್ ಕೊಡುತ್ತಿದ್ದೀರಿ. ಯಾವುದೆಂದು ತಿಳಿಯಲು ಬಿಳಿ ಚೆಂಡಿನ ಜಾಗದಲ್ಲಿ ಪಟ್ಟೆ ಚೆಂಡನ್ನು ಪಟ್ಟೆ ನೆಟ್ಟಗೆ ನಿಲ್ಲುವಂತೆ ಇಟ್ಟು ಹೊಡೆಯಿರಿ. ಪಟ್ಟೆ ಚಕ್ರದಂತೆ ನೆಟ್ಟಗೇ ಉರುಳಿದರೆ ಸರಿ. ತೊನೆದಾಡಿದರೆ ಸ್ಪಿನ್ ಇದೆ. ಚೆಂಡಿನ ಮೇಲೆ ಉಳಿದ ಚಾಕ್ ಗುರುತು, ಕ್ಯೂ ಎಲ್ಲಿ ತಾಗಿತೆಂದು ತೋರಿಸುತ್ತದೆ.

ಎಲ್ಲರಲ್ಲೂ ಕಾಣುವ ಚಾಳಿ, ಹೊಡೆಯುತ್ತಲೇ ತಲೆ ಎತ್ತುವುದು. ಕ್ಯೂ ತುದಿ ಚೆಂಡಿಗೆ ತಾಗಿರುವುದು ಸೆಕೆಂಡಿನ ಸಾವಿರದ ಒಂದೆರಡು ಪಾಲು ಮಾತ್ರ. ಆಮೇಲೆ ತಲೆ ಎತ್ತಿದರೆ ಚೆಂಡಿಗೇನೂ ಆಗದು. ಆದರೆ ಎದ್ದು ನೋಡುವ ಆತುರದಲ್ಲಿ ಭುಜ ಮೊದಲೇ ಕದಲಿರುತ್ತದೆ, ಕೇಡು ಅಲ್ಲಿದೆ. ಹೊಡೆಯುವ ಕ್ಷಣದಲ್ಲಿ ಕ್ಯೂ ಬಿಗಿಯಾಗಿ ಹಿಸುಕುವುದೂ ಹಾಗೆಯೇ. ಬಳ್ಳಾರಿಯ ಬೇಸಿಗೆಯಲ್ಲಿ ಬೆವರಿದ ಬೆರಳ ಮೇಲೆ ಕ್ಯೂ ಜಾರದೆ ತಡೆತಡೆದು ಸಾಗುತ್ತದೆ, ಆಗ ಹಿಡಿತ ತಾನಾಗಿ ಬಿಗಿಯಾಗುತ್ತದೆ. ಒಣಬಟ್ಟೆಯಿಂದ ಕೈ, ಕ್ಯೂ ಎರಡನ್ನೂ ಒರೆಸಿಕೊಳ್ಳಿ.

ರೂಢಿಯಾದ ಚಲನೆಯನ್ನು ಮಿದುಳು ಗಮನ ಕೊಡದೆಯೇ ನಡೆಸುತ್ತದೆ. ಅದಕ್ಕೇ ನಮ್ಮ ತಪ್ಪು ನಮಗೆ ಸಹಜವೆನಿಸುತ್ತದೆ, ತಿದ್ದಿದ ಹೊಡೆತ ಒರಟೆನಿಸುತ್ತದೆ. ಮೊದಮೊದಲು ಆಟ ಕೆಡುವುದೂ ಉಂಟು. ಇಲ್ಲಿ ಇನ್ನೊಬ್ಬರ ಕಣ್ಣು ಬೇಕು. 2003ರಲ್ಲಿ ವಿಶ್ವ ಸ್ನೂಕರ್ ಪ್ರಶಸ್ತಿ ಗೆದ್ದ ಬೆಂಗಳೂರಿನ ಪಂಕಜ್ ಅಡ್ವಾಣಿ ಅವರಿಗೂ ಅರವಿಂದ್ ಸವೂರ್ ಅವರಂಥ ಗುರು ಇದ್ದರು. ಗುರು ಸಿಗದಿದ್ದರೆ ಗೆಳೆಯನ ಕೈಗೆ ಮೊಬೈಲ್ ಕೊಟ್ಟು, ಎದುರಿನಿಂದ ಸ್ಲೋ ಮೋಷನ್‌ನಲ್ಲಿ ವಿಡಿಯೊ ತೆಗೆಸಿ.

ಒಮ್ಮೆಗೆ ಒಂದೇ ತಪ್ಪನ್ನು ತಿದ್ದಿಕೊಳ್ಳಿ, ಅದೂ ನಿಧಾನದ ಹೊಡೆತದಲ್ಲಿ. ಮುಂದಿನ ಸಲ ಮೇಜು ಸಿಕ್ಕಾಗ ಮೊದಲ ಹತ್ತು ನಿಮಿಷ ಬಿಳಿ ಚೆಂಡೊಂದರ ಜೊತೆಗೇ ಆಡಿ.