ಲೈಸೆನ್ಸು ಬಂದ ಮೇಲಿನ ಪಾಠ

ಕಾರು ನಡೆಸಲು ಬರುವುದು ಬೇರೆ, ಕ್ಷೇಮವಾಗಿ ಮನೆ ಸೇರಲು ಬರುವುದು ಬೇರೆ. ಮೊದಲನೆಯ ವಿದ್ಯೆಯನ್ನು ಡ್ರೈವಿಂಗ್ ಶಾಲೆ ಕೆಲವು ವಾರಗಳಲ್ಲಿ ಕಲಿಸಿಕೊಡುತ್ತದೆ. ಎರಡನೆಯದಕ್ಕೆ ಗುರುವನ್ನು ಹುಡುಕುವವರು ವಿರಳ. ಲೈಸೆನ್ಸು ಕೈಸೇರಿದ ದಿನವೇ ಕಲಿಕೆ ಮುಗಿಯಿತೆಂದು ತಿಳಿದ ಗೃಹಸ್ಥನು, ಮರುವಾರವೇ ಮಡದಿ ಮಕ್ಕಳನ್ನು ಕೂರಿಸಿಕೊಂಡು ಹೆದ್ದಾರಿಗೆ ಇಳಿಯುತ್ತಾನೆ. 2022ನೆಯ ಇಸವಿ ಒಂದರಲ್ಲೇ ಭಾರತದ ರಸ್ತೆಗಳಲ್ಲಿ 1,68,491 ಮಂದಿ ಪ್ರಾಣ ಕಳೆದುಕೊಂಡರೆಂಬುದನ್ನು ನೆನೆದರೆ, ಈ ಧೈರ್ಯಕ್ಕೆ ಹೆಮ್ಮೆಪಡುವಂತಿಲ್ಲ.

ಎರಡು ಊರುಗಳ ನಡುವಣ ದಾರಿ

ಬೀದರ್ ಜಿಲ್ಲೆಯ ಬಸವಕಲ್ಯಾಣ ಮತ್ತು ಹುಮನಾಬಾದ್ ಪಟ್ಟಣಗಳ ನಡುವಣ ದಾರಿಯನ್ನೇ ನೋಡಬಹುದು. ಪುಣೆ, ಸೊಲ್ಲಾಪುರಗಳ ಕಡೆಯಿಂದ ಹೈದರಾಬಾದಿಗೆ ಸಾಗುವ 65ನೆಯ ರಾಷ್ಟ್ರೀಯ ಹೆದ್ದಾರಿ ಈ ಸೀಮೆಯನ್ನು ಹಾದುಹೋಗುತ್ತದೆ. ಹಿಂದೆ ಇದಕ್ಕೆ 9ನೆಯ ಸಂಖ್ಯೆಯಿತ್ತು. ಬೀದರಿನಿಂದ ಕಲಬುರಗಿಯತ್ತ ಹೋಗುವ 50ನೆಯ ಹೆದ್ದಾರಿ ಹುಮನಾಬಾದಿನಲ್ಲಿ ಇದನ್ನು ಸಂಧಿಸುತ್ತದೆ. ಶರಣರ ಅನುಭವ ಮಂಟಪದಿಂದ ಹೆಸರಾದ ಬಸವಕಲ್ಯಾಣವು ಹೆದ್ದಾರಿಯಿಂದ ತುಸು ಒಳಗಿದೆ. ಆದುದರಿಂದ ಅಲ್ಲಿಂದ ಹೊರಟ ಕಾರು ಮೊದಲು ಪೇಟೆಯ ಜನಸಂದಣಿಯನ್ನು ದಾಟಿ, ಕೆಲವೇ ನಿಮಿಷಗಳಲ್ಲಿ ಭಾರಿ ಲಾರಿಗಳ ಪ್ರವಾಹಕ್ಕೆ ಸೇರಬೇಕಾಗುತ್ತದೆ.

ದಾರಿಯೇನೋ ಅಗಲವಾಗಿದೆ. ಅಗಲವಾದ ದಾರಿಯಲ್ಲಿಯೇ ಅಪಾಯ ಹೆಚ್ಚು ಮರೆಯಾಗಿರುತ್ತದೆ. ದೂರದ ತಿರುವಿನವರೆಗೆ ಹೋಗಲು ಬೇಸರಪಟ್ಟ ಮೋಟಾರ್ ಸೈಕಲ್ಲಿನವನು ತಪ್ಪು ದಿಕ್ಕಿನಿಂದ ಎದುರಾಗುತ್ತಾನೆ. ಕಬ್ಬು ನುರಿಸುವ ಕಾಲ ಬಂತೆಂದರೆ ಸಕ್ಕರೆ ಕಾರ್ಖಾನೆಗಳತ್ತ ಹೊರಟ ಟ್ರ್ಯಾಕ್ಟರುಗಳ ಹಿಂದೆ ಎತ್ತರಕ್ಕೆ ಕಬ್ಬು ಹೇರಿದ ಟ್ರೇಲರುಗಳು ಸಾಲುಗಟ್ಟುತ್ತವೆ. ಅವುಗಳಲ್ಲಿ ಕೆಲವಕ್ಕೆ ಹಿಂಬದಿಯ ಕೆಂಪು ದೀಪವೇ ಇರುವುದಿಲ್ಲ. ಅದೇ ಕಾಲದಲ್ಲಿಯೇ ದತ್ತ ಜಯಂತಿಗೆಂದು ಮಾಣಿಕನಗರದ ಮಾಣಿಕಪ್ರಭುಗಳ ಸನ್ನಿಧಿಗೆ ಬರುವ ಭಕ್ತರ ವಾಹನಗಳೂ ರಸ್ತೆ ತುಂಬುತ್ತವೆ. ಈ ಯಾವ ತಪ್ಪೂ ಕಾರಿನವನದಲ್ಲ. ಆದರೆ ಅಪಘಾತವಾದಾಗ ತಪ್ಪು ಯಾರದೆಂಬ ತೀರ್ಮಾನ ಹಿಂದಿನ ಸೀಟಿನಲ್ಲಿದ್ದ ಮಗುವನ್ನು ಉಳಿಸಲಾರದು.

ಪರರ ತಪ್ಪಿಗೂ ಜಾಗವಿಡುವ ವಿದ್ಯೆ

ರಕ್ಷಣಾತ್ಮಕ ಚಾಲನೆಯೆಂಬ ವಿದ್ಯೆ ಹುಟ್ಟಿದ್ದು ಈ ತಿಳಿವಿನಿಂದಲೇ. ತಾನು ನಿಯಮ ಪಾಲಿಸಿದರೆ ಸಾಲದು, ಇತರರು ಪಾಲಿಸದಿದ್ದರೂ ಕೆಡುಕಾಗದಂತೆ ನಡೆಸಬೇಕು ಎಂಬುದೇ ಅದರ ತಿರುಳು. ಅಮೆರಿಕದ ಹೆರಾಲ್ಡ್ ಸ್ಮಿತ್ ಎಂಬವರು 1952ರಲ್ಲಿ ಇದನ್ನು ಐದು ಅಭ್ಯಾಸಗಳಾಗಿ ಅಳವಡಿಸಿದರು: ದೃಷ್ಟಿ ದೂರಕ್ಕಿರಲಿ, ಸುತ್ತಲಿನ ಸಮಗ್ರ ನೋಟ ತಿಳಿದಿರಲಿ, ಕಣ್ಣು ಒಂದೆಡೆ ನೆಡದೆ ಚಲಿಸುತ್ತಿರಲಿ, ತಪ್ಪಿಸಿಕೊಳ್ಳಲು ಒಂದು ಪಕ್ಕ ಸದಾ ತೆರವಾಗಿರಲಿ, ತಾನಿರುವುದು ಇತರರಿಗೆ ಕಂಡಿದೆಯೆಂದು ಖಚಿತವಾಗಲಿ. 1964ರಲ್ಲಿ ಆ ದೇಶದ ರಾಷ್ಟ್ರೀಯ ಸುರಕ್ಷಾ ಮಂಡಳಿಯು ಇದೇ ಹೆಸರಿನ ಶಿಕ್ಷಣಕ್ರಮವನ್ನು ಆರಂಭಿಸಿತು.

ಇಲ್ಲೊಂದು ಸ್ವಾರಸ್ಯವುಂಟು. ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ಚಾಲಕರ ತರಬೇತಿ ಕೇಂದ್ರವಿರುವುದು ಹುಮನಾಬಾದಿನಲ್ಲಿಯೇ. ಐವತ್ತು ಮಂದಿ ಅಪರಿಚಿತರನ್ನು ಕರೆದೊಯ್ಯಬೇಕಾದ ಬಸ್ಸಿನ ಚಾಲಕನಿಗೆ ಪರೀಕ್ಷೆಯೂ ತರಬೇತಿಯೂ ಬೇಕೆಂಬುದರಲ್ಲಿ ಯಾರಿಗೂ ಸಂದೇಹವಿಲ್ಲ. ತನ್ನ ಸ್ವಂತ ಸಂಸಾರವನ್ನೇ ಕರೆದೊಯ್ಯುವ ಕಾರಿನ ಒಡೆಯನಿಗೆ ಮಾತ್ರ ಲೈಸೆನ್ಸಿನ ನಂತರ ಏನೂ ಬೇಡವೆಂದು ಲೋಕ ನಂಬಿಬಿಟ್ಟಿದೆ.

ಸ್ವಂತ ಕಾರೇ ಏಕೆ?

ಶಾಲೆಯ ಕಾರಿನಲ್ಲಿ ಶಿಕ್ಷಕನ ಕಾಲಡಿಯೂ ಒಂದು ಬ್ರೇಕು ಇರುತ್ತದೆ. ನಿಯಮದ ಪ್ರಕಾರ ಅದು ಇರಲೇಬೇಕು. ಹೊಸಬರಿಗೆ ಅದೇ ತಕ್ಕುದು. ಆದರೆ ಲೈಸೆನ್ಸು ಪಡೆದು ಸ್ವಲ್ಪ ಕಾಲ ಪಳಗಿದವನು ಮುಂದಿನ ಪಾಠವನ್ನು ತನ್ನ ಕಾರಿನಲ್ಲಿಯೇ ಕಲಿಯುವುದು ಲೇಸು. ಕನ್ನಡಿಗೆ ಕಾಣದ ಮೂಲೆ ಎಲ್ಲಿದೆ, ಬ್ರೇಕು ಎಷ್ಟು ಒತ್ತಿದರೆ ಹಿಡಿಯುತ್ತದೆ, ಐದು ಜನ ಕುಳಿತಾಗ ಕಾರು ಹೇಗೆ ಭಾರವಾಗುತ್ತದೆ ಎಂಬುದು ಕಾರಿನಿಂದ ಕಾರಿಗೆ ಬೇರೆ.

ಒಂದು ಉದಾಹರಣೆ ಸಾಕು. ಭಾರತದಲ್ಲಿ 2019ರ ಏಪ್ರಿಲಿನಿಂದ ಹೊಸ ಕಾರುಗಳಿಗೆಲ್ಲ ಎಬಿಎಸ್ ಎಂಬ ಬ್ರೇಕಿನ ಏರ್ಪಾಡು ಕಡ್ಡಾಯವಾಗಿದೆ. ಬಲವಾಗಿ ಬ್ರೇಕು ಒತ್ತಿದಾಗ ಚಕ್ರಗಳು ಬಿಗಿದು ಜಾರದಂತೆ ಅದು ತಡೆಯುತ್ತದೆ. ಆದುದರಿಂದ ಬ್ರೇಕು ಒತ್ತಿದಂತೆಯೇ ಸ್ಟೀರಿಂಗು ತಿರುಗಿಸಿ ಪಾರಾಗಬಹುದು. ಆದರೆ ಆ ವೇಳೆಯಲ್ಲಿ ಬ್ರೇಕಿನ ಪೆಡಲು ಕಾಲಡಿಯಲ್ಲಿ ಗಡಗಡನೆ ನಡುಗುತ್ತದೆ. ಅದನ್ನು ಎಂದೂ ಅನುಭವಿಸದವನು ಏನೋ ಮುರಿಯಿತೆಂದು ಬೆದರಿ, ಕಾಲು ತೆಗೆದುಬಿಡುವ ಸಂಭವವಿದೆ. ಬಲ್ಲವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಜನವಿಲ್ಲದ ಬಯಲಿನಲ್ಲಿ, ಮಿತವಾದ ವೇಗದಲ್ಲಿ ನಾಲ್ಕು ಬಾರಿ ಅಭ್ಯಾಸ ಮಾಡಿದವನು ಬೆದರುವುದಿಲ್ಲ.

ಎರಡು ಸೆಕೆಂಡಿನ ಲೆಕ್ಕ

ಗಂಟೆಗೆ 80 ಕಿಲೋಮೀಟರ್ ವೇಗದ ಕಾರು ಒಂದು ಸೆಕೆಂಡಿಗೆ 22 ಮೀಟರ್ ಕ್ರಮಿಸುತ್ತದೆ. ಅಪಾಯವನ್ನು ಕಂಡ ಕಣ್ಣು, ಅದನ್ನು ಅರಿತ ಮನಸ್ಸು, ಬ್ರೇಕಿಗೆ ಸರಿದ ಕಾಲು—ಇಷ್ಟಕ್ಕೇ ಒಂದು ಸೆಕೆಂಡಿಗಿಂತ ಹೆಚ್ಚು ಕಾಲ ಹಿಡಿಯುತ್ತದೆ. ಕಾರು ನಿಲ್ಲತೊಡಗುವುದು ಆ ಮೇಲೆ. ವೇಗ ಇಮ್ಮಡಿಯಾದರೆ ಬ್ರೇಕು ಹಿಡಿದ ಮೇಲೆ ನಿಲ್ಲಲು ಬೇಕಾಗುವ ದೂರ ನಾಲ್ಮಡಿಯಾಗುತ್ತದೆ.

ಇದಕ್ಕೆ ಸುಲಭವಾದ ಉಪಾಯವಿದೆ. ಮುಂದಿನ ವಾಹನವು ಯಾವುದಾದರೊಂದು ಕಂಬವನ್ನು ದಾಟಿದೊಡನೆ ‘ನೂರಿಪ್ಪತ್ತೊಂದು, ನೂರಿಪ್ಪತ್ತೆರಡು’ ಎಂದು ನಿಧಾನವಾಗಿ ಎಣಿಸಬೇಕು. ಎಣಿಕೆ ಮುಗಿಯುವ ಮೊದಲೇ ತನ್ನ ಕಾರು ಆ ಕಂಬವನ್ನು ಮುಟ್ಟಿದರೆ ಅಂತರ ಸಾಲದು. ಮಳೆಯಲ್ಲಿ ಈ ಅಂತರವನ್ನು ಇಮ್ಮಡಿ ಮಾಡಬೇಕು. ರಾತ್ರಿಯಲ್ಲಿ ಇನ್ನೊಂದು ನಿಯಮವೂ ಉಂಟು: ಹೆಡ್‌ಲೈಟಿನ ಬೆಳಕು ತಲುಪುವಷ್ಟು ದೂರದೊಳಗೆ ನಿಲ್ಲಬಲ್ಲ ವೇಗವೇ ತಕ್ಕ ವೇಗ. ದೀಪವಿಲ್ಲದ ಕಬ್ಬಿನ ಟ್ರೇಲರು ಕಾಣುವುದು ಆ ಬೆಳಕಿನಲ್ಲಿ ಮಾತ್ರ. ನಾಲ್ಕು ಪಥದ ವಿಭಜಿತ ಹೆದ್ದಾರಿಯಲ್ಲಿ ಕಾರಿಗೆ ಗಂಟೆಗೆ 100 ಕಿಲೋಮೀಟರ್ ಮಿತಿಯೆಂದು 2018ರ ಅಧಿಸೂಚನೆ ಹೇಳಿದೆ; ಅದು ಮೀರಬಾರದ ಎಲ್ಲೆ, ಮುಟ್ಟಲೇಬೇಕಾದ ಗುರಿಯಲ್ಲ.

ಬಾಯಿಬಿಟ್ಟು ಹೇಳುವ ಅಭ್ಯಾಸ

ಇಂಥ ಶಿಕ್ಷಣದಲ್ಲಿ ಬಳಸುವ ಇನ್ನೊಂದು ವಿಧಾನ ಕೇಳಲು ತಮಾಷೆಯಾಗಿದೆ. ಚಾಲಕನು ತಾನು ಕಂಡದ್ದನ್ನೂ ಮುಂದೆ ಮಾಡಲಿರುವುದನ್ನೂ ಬಾಯಿಬಿಟ್ಟು ಹೇಳುತ್ತ ಹೋಗಬೇಕು. “ಎಡಗಡೆ ಬಸ್ಸು ನಿಂತಿದೆ, ಅದರ ಮುಂದಿನಿಂದ ಯಾರಾದರೂ ಓಡಿಬಂದಾರು, ವೇಗ ತಗ್ಗಿಸುತ್ತೇನೆ. ಹಿಂದೆ ಲಾರಿ ಹತ್ತಿರವಿದೆ, ಬ್ರೇಕು ಮೆಲ್ಲಗೆ ಒತ್ತುತ್ತೇನೆ.” ಹತ್ತು ನಿಮಿಷ ಹೀಗೆ ಹೇಳುವಷ್ಟರಲ್ಲಿ, ದಿನವೂ ಓಡಾಡಿದ ರಸ್ತೆಯಲ್ಲಿಯೇ ಎಷ್ಟೊಂದು ಸಂಗತಿಗಳು ಕಣ್ಣಿಗೆ ಬೀಳದೆ ಹೋಗಿದ್ದವೆಂಬುದು ಅವನಿಗೇ ಅರಿವಾಗುತ್ತದೆ.

ಮನೆಯವರ ಪಾಲು

ಈ ಪಾಠ ಚಾಲಕನೊಬ್ಬನದೇ ಅಲ್ಲ. ಹಿಂದಿನ ಸೀಟಿನವರಿಗೂ ಬೆಲ್ಟು ಕಾನೂನಿನಂತೆ ಕಡ್ಡಾಯ. 2022ರಲ್ಲಿ ಬೆಲ್ಟು ಧರಿಸದೆ ದೇಶದಲ್ಲಿ ಸತ್ತವರು 16,715 ಮಂದಿ. ಮುಂದಿನ ಸೀಟಿನಲ್ಲಿ ಮಗುವನ್ನು ಮಡಿಲಲ್ಲಿಟ್ಟುಕೊಂಡು ಕೂರುವುದು ವಾತ್ಸಲ್ಯವೆಂದು ತೋರಬಹುದು. ಢಿಕ್ಕಿಯ ಕ್ಷಣದಲ್ಲಿ ಯಾವ ತಾಯಿಯ ತೋಳಿಗೂ ಆ ಮಗುವನ್ನು ಹಿಡಿದಿಡುವ ಬಲವಿರುವುದಿಲ್ಲ. “ಹೊತ್ತಾಯಿತು, ಬೇಗ ನಡೆಸಿ” ಎಂಬ ಮಾತಿಗೆ ಬದಲಾಗಿ “ತಡವಾದರೂ ಚಿಂತೆಯಿಲ್ಲ” ಎಂದು ಗೃಹಿಣಿಯು ಹೊರಡುವಾಗಲೇ ಹೇಳಿದರೆ, ಅದಕ್ಕಿಂತ ದೊಡ್ಡ ನೆರವು ಚಾಲಕನಿಗೆ ಬೇರೊಂದಿಲ್ಲ.

ಬಸವಕಲ್ಯಾಣದಿಂದ ಹುಮನಾಬಾದಿಗೆ ವೇಗವಾಗಿ ಹೋದವನು ನಿಧಾನವಾಗಿ ಹೋದವನಿಗಿಂತ ಉಳಿಸುವುದು ಹೆಚ್ಚೆಂದರೆ ಕೆಲವು ನಿಮಿಷ. ಒಂದು ಭಾನುವಾರದ ಬೆಳಗನ್ನು ಈ ಅಭ್ಯಾಸಕ್ಕೆಂದು ಮೀಸಲಿಟ್ಟು, ಅನುಭವಿಯಾದ ಶಿಕ್ಷಕನೊಬ್ಬನನ್ನು ಪಕ್ಕದಲ್ಲಿ ಕೂರಿಸಿಕೊಂಡು, ತನ್ನದೇ ಕಾರಿನಲ್ಲಿ ತನ್ನದೇ ದಾರಿಯನ್ನು ಹೊಸದಾಗಿ ನೋಡಲು ಕಲಿತ ಯಜಮಾನನು ಆ ಕೆಲವು ನಿಮಿಷಗಳನ್ನು ಸಂತೋಷದಿಂದ ಬಿಟ್ಟುಕೊಡುತ್ತಾನೆ.